ಹೇಳದೆ ಬಂದವಳ ಇ-ಮೇಲ್

ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಒಂದು ಸಾಲು ಬಂತು. ಈ ತಾಣ ನೋಡಲು ನಿಮಗೆ ಅನುಮತಿ ಇಲ್ಲ ಅಂತ, ಇಂಗ್ಲಿಷಿನಲ್ಲಿ. ನಾನು ಇನ್ನೊಂದು ಮೇಲ್ ತಾಣದ ಹೆಸರು ಹೊಡೆದೆ. ಅದೇ ಕೆಂಪು ಸಾಲು. ಮತ್ತೊಂದು ಹೊಡೆದೆ. ಮತ್ತೆ ಅದೇ. ಹಿಂದೆ ಬೆಂಚಿನ ಮೇಲೆ ಕೂತಿದ್ದ ಹೆಣ್ಣುಮಕ್ಕಳಲ್ಲಿ ಒಬ್ಬಳು ಮೆಲ್ಲಗೆ ಕೇಳಿದಳು:

"ಅಕ್ಕೋರ, ಅದು ನಿಮಗ ಬೈಯಾಕತ್ತೈತೇನ್ರಿ?"

"ಹೌದವ್ವಾ, ಬೈಯಾಕತ್ತೈತಿ," ಅಂದೆ. ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಆವತ್ತಿನ ಪಾಠವೇ ಇ-ಮೇಲ್ ಆಗಿತ್ತು.

ಬಸವನ ಬಾಗೇವಾಡಿ ತಾಲ್ಲೂಕಿನ ಒಂದು ಹೈಸ್ಕೂಲು ಅದು. ನಾನು ಸಿಂದಗಿಯವಳು, ಗುತ್ತಿಗೆಯ ಮೇಲೆ ಅಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಹಗಲು ಮಕ್ಕಳಿಗೆ, ಸೋಮವಾರ ಸಂಜೆ ಶಾಲೆ ಬಿಟ್ಟ ಮೇಲೆ ಸುತ್ತಲಿನ ಹಳ್ಳಿಗಳ ಹೆಂಗಸರಿಗೆ. ಸೋಮವಾರವೇ ಯಾಕೆಂದರೆ ಆವತ್ತು ನಮ್ಮ ಕಡೆ ಎತ್ತು ಹೂಡುವುದಿಲ್ಲ. ಬಸವಣ್ಣನ ವಾರ. ಹೊಲದ ಕೆಲಸ ಕಡಿಮೆ, ಹೆಣ್ಣುಮಕ್ಕಳಿಗೆ ಮನೆಯಿಂದ ಹೊರಬೀಳಲು ಒಂದು ನೆಪ ಸಿಗುತ್ತಿತ್ತು. ಮೌಸು ಹಿಡಿಯುವುದು, ಹೆಸರು ಟೈಪು ಮಾಡುವುದು, ಚಿತ್ರ ಬಿಡಿಸುವುದು ಎಲ್ಲ ಮುಗಿದು ಕೊನೆಗೆ ಉಳಿದದ್ದು ಇ-ಮೇಲ್. ಅದಕ್ಕೆ ಬಂದ ಹೊತ್ತಿಗೆ, ಕಂಪ್ಯೂಟರ್ ಕೊಟ್ಟ ಕಂಪನಿಯವರು ಬಿಜಾಪುರದಲ್ಲಿ ಕೂತು ಎಲ್ಲ ಶಾಲೆಗಳಿಗೂ ಮೇಲ್ ತಾಣಗಳನ್ನು ಬಂದ್ ಮಾಡಿಬಿಟ್ಟಿದ್ದರು. ಎಲ್ಲೋ ಯಾವುದೋ ಶಾಲೆಯಲ್ಲಿ ಹುಡುಗರು ಏನೋ ಮಾಡಿದರಂತೆ. ಶಿಕ್ಷೆ ನಮಗೆ.

ಕಂಪನಿಯ ಎಂಜಿನಿಯರ್‌ಗೆ ಫೋನ್ ಮಾಡಿದೆ. ಇವರು ಮಕ್ಕಳಲ್ಲ, ಮಕ್ಕಳ ತಾಯಂದಿರು ಅಂತ ತಿಳಿಸಿ ಹೇಳಿದೆ. "ಸಾಲಿ ಅಂದ್ರ ಸಾಲಿ ಅದರ್ರೀ ಮೇಡಂ. ಯಾರು ಕೂತಾರ ಅಂತ ಸರ್ವರ್‌ಗೆ ಹ್ಯಾಂಗ ಗೊತ್ತಾಗಬೇಕು?" ಅಂದು ಇಟ್ಟ. ಅವನು ಹೇಳಿದ್ದು ಸರಿಯೇ ಇತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಎಲ್ಲರೂ ಹೋದ ಮೇಲೆ ಒಬ್ಬಳು ಉಳಿದಳು. ಮಸೂತಿ ಎಂಬ ಊರಿನವಳು, ಮನೆಯಲ್ಲೇ ಜಂಪರು ಹೊಲಿಯುವವಳು. ತರಗತಿಯಲ್ಲಿ ಎಂದೂ ಬಾಯಿ ಬಿಟ್ಟವಳಲ್ಲ. ಬಾಗಿಲ ಹತ್ತಿರ ನಿಂತು ಸೆರಗಿನ ತುದಿ ತಿರುವುತ್ತಾ, "ಅಕ್ಕೋರ, ಈ ಶನಿವಾರದೊಳಗ ಆಗೂದಿಲ್ಲೇನ್ರಿ ಅದು?" ಅಂತ ಕೇಳಿದಳು.

"ಯಾಕಕ್ಕಾ? ಶನಿವಾರ ಏನೈತಿ?"

ಅವಳು ನೆಲ ನೋಡುತ್ತಾ ಹೇಳತೊಡಗಿದಳು. ಅವಳಿಗೆ ಒಬ್ಬಳೇ ಮಗಳು, ಹುಟ್ಟು ಕಿವುಡಿ. ಮನೆಯವರೆಲ್ಲ ಬೇಡವೆಂದರೂ ಹಟ ಹಿಡಿದು ಆ ಜೂನ್‌ನಲ್ಲಿ ಧಾರವಾಡದ ಕಡೆಯ ಕಿವುಡ ಮಕ್ಕಳ ವಸತಿ ಶಾಲೆಗೆ ಸೇರಿಸಿದ್ದಳು. ಬಿಟ್ಟು ಬರುವಾಗ ಅಲ್ಲಿಯ ಆಯಾ ಒಬ್ಬಳು, ಹುಡುಗಿ ಆಟದಲ್ಲಿ ಇದ್ದಾಗಲೇ ಕಣ್ಣು ತಪ್ಪಿಸಿ ಹೋಗು, ಇಲ್ಲದಿದ್ದರೆ ಅತ್ತು ರಂಪ ಮಾಡುತ್ತಾಳೆ ಅಂದಳಂತೆ. ಇವಳು ಹಾಗೇ ಮಾಡಿದಳು.

"ಹೋಗಿ ಬರ್ತೇನಿ ಅನ್ನಲಿಲ್ರಿ ಅಕ್ಕೋರ. ಬಾಜೂಮನಿಗೆ ಮಜ್ಜಿಗಿ ತರಾಕ ಹೋದ್ರೂ ನಾನು ಆಕಿಗೆ ಹೇಳಿ ಹೋಗಾಕಿ." ಅಂದು ತನ್ನ ಬಲಗೈ ಎತ್ತಿ ತೋರಿಸಿದಳು. ಅಂಗೈಯನ್ನು ಮುಂದೆ ದೂಡಿ, ಮತ್ತೆ ಎದೆಗೆ ತಂದುಕೊಂಡಳು. ಹೋಗಿ, ಬರ್ತೇನಿ. ತಾಯಿ ಮಗಳು ಸೇರಿ ಮಾಡಿಕೊಂಡಿದ್ದ ಸನ್ನೆ. ತಾಯಿ ಹಾಗೆ ಮಾಡಿದರೆ ಮಗಳೂ ಅದೇ ಸನ್ನೆ ತಿರುಗಿ ಮಾಡಬೇಕು. ಹೋಗಿ ಬಾ ಅಂತ. ಅದಾದ ಮೇಲೆಯೇ ಇವಳು ಹೊಸ್ತಿಲು ದಾಟುತ್ತಿದ್ದದ್ದು.

ಮಗಳು ಈಗ ತಾಯಿ ತನ್ನನ್ನು ಬಿಟ್ಟೇ ಹೋದಳು ಅಂದುಕೊಂಡಿದ್ದಾಳೆ. ಸರಿಯಾಗಿ ಉಣ್ಣುತ್ತಿಲ್ಲ. ಗೇಟಿನ ಹತ್ತಿರ ಹೋಗಿ ನಿಲ್ಲುತ್ತಾಳೆ. ದಸರೆಯವರೆಗೆ ಯಾರೂ ನೋಡಲು ಬರಕೂಡದು ಅಂತ ಅಲ್ಲಿಯ ನಿಯಮ. ಬಂದರೆ ಮಕ್ಕಳು ಇನ್ನೂ ಅಂಟಿಕೊಳ್ಳುತ್ತವಂತೆ. ಫೋನ್ ಮಾಡಿದರೆ ಕೇಳಿಸದು. ಅಂಚೆಯಲ್ಲಿ ಕಳಿಸಿದ ಕಾಗದ ಆಫೀಸಿಗೆ ಬಂದದ್ದನ್ನು ಹುಡುಗಿ ಮುಟ್ಟಲೂ ಇಲ್ಲವಂತೆ. ಆದರೆ ಶನಿವಾರ ಮಧ್ಯಾಹ್ನ ಊಟಕ್ಕೆ ಮೊದಲು ಮಕ್ಕಳನ್ನೆಲ್ಲ ಒಂದು ಕಂಪ್ಯೂಟರಿನ ಮುಂದೆ ಕೂರಿಸಿ ಮನೆಯಿಂದ ಬಂದ ಮೇಲ್ ತೋರಿಸುತ್ತಾರೆ. ಇವಳ ಮಗಳು ಎಲ್ಲರಿಗಿಂತ ಮುಂದೆ ಹೋಗಿ ಕೂರುತ್ತಾಳೆ. ಇನ್ನೊಬ್ಬರ ತಾಯಿಯ ಫೋಟೋ ಬರುವುದನ್ನು ನೋಡುತ್ತಾಳೆ. ಅವಳದು ಬರುವುದಿಲ್ಲ.

"ಅದಕ್ಕs ನಾ ಕಂಪ್ಯೂಟರ್ ಕಲಿಯಾಕ ಬಂದೀನ್ರಿ," ಅಂದಳು. "ನಂಗ ಸರ್ಟಿಫಿಕೇಟ್ ಗಿರ್ಟಿಫಿಕೇಟ್ ಏನೂ ಬ್ಯಾಡ."

ನನ್ನ ಮೇಲ್‌ನಿಂದ ಕಳಿಸುತ್ತೇನೆ ಬಿಡು ಅಂದೆ. ಅದೂ ಆಗದು. ಯಾರೋ ಅಪರಿಚಿತರು ಮಕ್ಕಳಿಗೆ ಬರೆದು ಒಮ್ಮೆ ಫಜೀತಿ ಆದಾಗಿನಿಂದ, ತಂದೆತಾಯಿಯ ಸ್ವಂತ ಹೆಸರಿನ ವಿಳಾಸದಿಂದ ಬಂದದ್ದನ್ನು ಮಾತ್ರ ಅಲ್ಲಿಯ ವಾರ್ಡನ್ ತೆರೆಯುತ್ತಿದ್ದರು. ಇಲ್ಲಿಯೂ ಬೇಲಿ, ಅಲ್ಲಿಯೂ ಬೇಲಿ. ನಡುವೆ ಇವಳು.

ಮರುದಿನ ನಾನು ಒಂದು ಉಪಾಯ ಮಾಡಿದೆ. ಸಿಂದಗಿಯ ಗೆಳತಿಯೊಬ್ಬಳು ಬಂದ್ ಆದ ತಾಣಗಳನ್ನು ಹಿಂಬಾಗಿಲಿನಿಂದ ತೆರೆಯುವ ಒಂದು ವಿಳಾಸ ಹೇಳಿಕೊಟ್ಟಿದ್ದಳು. ಅದನ್ನು ಹಾಕಿದೆ. ಮೇಲ್ ತಾಣ ಅರ್ಧ ತೆರೆಯಿತು, ಚಿತ್ರಗಳಿಲ್ಲದೆ, ಬೋಳು ಬೋಳಾಗಿ. ನಾನು ಖುಷಿಯಲ್ಲಿ ಕುರ್ಚಿಯಿಂದ ಎದ್ದೇಬಿಟ್ಟೆ. ಬುಧವಾರ ಬಂದು ನೋಡುತ್ತೇನೆ, ಮೇಲ್ ಹಾಳಾಗಿ ಹೋಗಲಿ, ಲ್ಯಾಬಿನ ಇಂಟರ್ನೆಟ್ಟೇ ಸತ್ತಿತ್ತು. ಬಿಜಾಪುರದ ಎಂಜಿನಿಯರ್ ಕಂಡುಹಿಡಿದು ಇಡೀ ಶಾಲೆಯ ಸಂಪರ್ಕವನ್ನು ಕಿತ್ತುಹಾಕಿದ್ದ. ಹೆಡ್ ಮಾಸ್ತರರು ನನ್ನನ್ನು ಕರೆಸಿದರು.

"ಏನ್ರಿ ಅಕ್ಕೋರ, ನಾ ರಿಟೈರ್ ಆಗೂ ತನಕ ಆದ್ರೂ ಸುಮ್ನ ಇರತೀರೋ ಇಲ್ಲೋ?" ಅಂದರು. ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು ಅವರ ದನಿಯಲ್ಲಿ. "ಸಾಲಿ ಲ್ಯಾಬಿನೊಳಗ ಮೇಲ್ ಬ್ಯಾಡ ಅಂತ ಸುತ್ತೋಲೆ ಬಂದೈತಿ. ಇನ್ನೊಮ್ಮೆ ಇಂಥಾದ್ದು ಆದ್ರ ನನ್ನ ಪೆನ್ಶನ್ನಿಗೆ ಎಳ್ಳುನೀರು!"

ತಲೆ ತಗ್ಗಿಸಿ ಬಂದೆ. ಅವರದೇನೂ ತಪ್ಪಿರಲಿಲ್ಲ.

ಗುರುವಾರ ಸಂಜೆ ಮಸೂತಿಯವಳು ಓಡುತ್ತಲೇ ಬಂದಳು. ಊರಿನ ಕಿರಾಣಿ ಅಂಗಡಿಗೆ ವಾರ್ಡನ್ ಫೋನ್ ಮಾಡಿದ್ದರಂತೆ. ಹುಡುಗಿ ಎರಡು ದಿನದಿಂದ ನೀರು ಬಿಟ್ಟರೆ ಏನೂ ಮುಟ್ಟಿಲ್ಲ. ಈ ಶನಿವಾರವೂ ಹೀಗೇ ಆದರೆ ಸೋಮವಾರ ಬಂದು ಕರೆದುಕೊಂಡು ಹೋಗಿ, ಆ ಸೀಟಿಗೆ ಬೇರೆ ಮಕ್ಕಳು ಕಾಯುತ್ತಿದ್ದಾರೆ ಅಂದರಂತೆ.

"ಕರ್ಕೊಂಡು ಬರೂದು ದೊಡ್ಡದಲ್ರಿ. ಈ ಸಲ ಮನಿಗೆ ಬಂದಳಂದ್ರ ಮತ್ತ ಕಳಸಂಗಿಲ್ಲ ಅಂತ ಮನ್ಯಾಗಿನವರು ಅಂದಾರ. ಆಡು ಕಾಯಾಕ ಹಚ್ಚತಾರ್ರಿ ನನ್ನ ಕೂಸಿನ್ನ. ಆಕಿ ಓದಾಕ ಬರಿಯಾಕ ಎಷ್ಟ್ ಶಾಣೇಕಿ ಗೊತ್ತೇನ್ರಿ?" ಅಂದವಳು ಅಳಲಿಲ್ಲ. ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು.

ಇಂಟರ್ನೆಟ್ ಇಲ್ಲದಿದ್ದರೂ ಕಂಪ್ಯೂಟರ್ ನಡೆಯುತ್ತಿತ್ತು. ಮೊದಲು ಪತ್ರವನ್ನಾದರೂ ತಯಾರು ಮಾಡೋಣ ಅಂದೆ. ಕನ್ನಡದಲ್ಲಿ ಟೈಪು ಮಾಡಿ ಕಳಿಸಿದರೆ ಅಲ್ಲಿಯ ಯಂತ್ರದಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ಬರೀ ಗೀಟು ಚುಕ್ಕಿ ಕಾಣುತ್ತವೆ. ಆ ಕಾಲದ ಪೀಡೆ ಅದು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೆ ಹುಡುಗಿಗೆ ಓದಲು ಬಾರದು. ಹಾಗಾಗಿ ಚಿತ್ರ ಬಿಡಿಸುವ ಪೇಂಟ್ ತೆರೆದುಕೊಟ್ಟೆ. ಅವಳು ಎಡಗೈ ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತಾ, ಬಲಗೈಯಲ್ಲಿ ಮೌಸು ಹಿಡಿದು ಬಿಡಿಸತೊಡಗಿದಳು. ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೀಟು ಎಳೆದ ಕೈ ಅದು, ಆದರೆ ಮೌಸು ಅವಳ ಮಾತು ಕೇಳಲಿಲ್ಲ. ಬೆರಳುಗಳು ಬದನೆಕಾಯಿ ಆದವು. ಅಳಿಸಿದಳು, ಮತ್ತೆ ಬಿಡಿಸಿದಳು. ಕೊನೆಗೆ ಸನ್ನೆಯ ಎರಡು ಭಾಗಕ್ಕೆ ಎರಡು ಕೈ ಮೂಡಿದವು. ಒಂದು ಮುಂದೆ ಚಾಚಿದ್ದು, ಒಂದು ಎದೆಯ ಮೇಲೆ ಇಟ್ಟದ್ದು. ಬಳೆಗಳನ್ನೂ ಹಾಕಿದಳು, ಹಸಿರು. ಕೆಳಗೆ ಅಕ್ಷರ: ಹೋಗಿ ಬರ್ತೇನಿ.

ಫ್ಲಾಪಿಗೆ ಹಾಕಲು ಹೋದರೆ ಹಿಡಿಸಲಿಲ್ಲ. ಚಿತ್ರ ಅಷ್ಟು ಭಾರವಾಗಿತ್ತು. ಬೇರೆ ನಮೂನೆಯಲ್ಲಿ ಸೇವ್ ಮಾಡಿ ಕುಗ್ಗಿಸಿದಾಗ ಹಿಡಿಸಿತು, ಅಂಚು ಸ್ವಲ್ಪ ಮಸುಕಾದವು. ಬಳೆಗಳ ಹಸಿರು ಉಳಿಯಿತು. ಅವಳು ಆ ಫ್ಲಾಪಿಯನ್ನು ಒಂದು ಜಂಪರ್ ಪೀಸಿನಲ್ಲಿ ಸುತ್ತಿಕೊಂಡು ಹೋದಳು.

ಶುಕ್ರವಾರ ಬಾಗೇವಾಡಿಯ ಸೈಬರ್ ಕೆಫೆಗೆ ಹೊರಟೆವು. ಹೊರಟೆವು ಅಂದರೆ ಎಲ್ಲರೂ. ಆ ಕೆಫೆಯಲ್ಲಿ ಒಂದೊಂದು ಕಂಪ್ಯೂಟರಿಗೂ ಪರದೆ ಹಾಕಿದ ಗೂಡು ಇತ್ತು, ಕಾಲೇಜು ಹುಡುಗರು ತುಂಬಿರುತ್ತಿದ್ದರು. ಒಬ್ಬಳೇ ಹೆಂಗಸು ಒಳಗೆ ಹೋದರೆ ಸಂಜೆಯೊಳಗೆ ಊರಲ್ಲಿ ಮಾತು. "ಒಬ್ಬಾಕಿ ಹ್ವಾದ್ರ ಹೆಸರ ಕೆಡತೈತಿ, ಎಲ್ಲಾರೂ ಹ್ವಾದ್ರ ಸಂತಿಗೆ ಬಂದಾರ ಅಂತಾರ, ನಡೀರಿ!" ಅಂತ ತರಗತಿಯ ಹಿರಿಯಳೊಬ್ಬಳು ಎಲ್ಲರನ್ನೂ ಟಂಟಂ ಆಟೋದಲ್ಲಿ ತುಂಬಿದಳು. ಬಂದದ್ದೇ ಬಂದೆವು, ಎಲ್ಲರಿಗೂ ಒಂದೊಂದು ವಿಳಾಸ ಮಾಡಿಬಿಡೋಣ ಅಂತ ನಾನೂ ಅಂದೆ.

"ಮೊದಲ ನಿಂದು ಮಾಡೂಣು ಬಾ ಅಕ್ಕಾ," ಅಂತ ಮಸೂತಿಯವಳನ್ನು ಕರೆದೆ.

"ಬ್ಯಾಡ್ರಿ. ನಂದು ಚಿತ್ರಾ ಐತಿ, ತಡಾ ಆಗತೈತಿ. ಅವರು ಪಾಪ ಹೊತ್ತಾಗೂದ್ರೊಳಗ ಮನಿ ಮುಟ್ಟಬೇಕು. ಅವರದೆಲ್ಲಾ ಮುಗೀಲಿ," ಅಂದಳು. ಮಡಿಲಲ್ಲಿ ಫ್ಲಾಪಿ ಇಟ್ಟುಕೊಂಡು ಗೋಡೆಗೆ ಒರಗಿ ಕೂತಳು.

ಒಬ್ಬೊಬ್ಬರೇ ಬಂದರು. ನಾನು ಟೈಪು ಮಾಡುತ್ತಾ ಹೋದೆ. ಹೆಸರು? ಹೇಳಿದರು. ಹುಟ್ಟಿದ ದಿನ? "ಜೂನ್ ಒಂದು." ಮುಂದಿನವಳು? "ಜೂನ್ ಒಂದು." ಅದರ ಮುಂದಿನವಳದೂ ಜೂನ್ ಒಂದು. ನಮ್ಮ ಕಡೆ ಸಾಲಿಗೆ ಹಚ್ಚುವಾಗ ಮಾಸ್ತರರು ಎಲ್ಲರಿಗೂ ಬರೆದದ್ದು ಅದೇ ದಿನ. ಯಾರು ಯಾವಾಗ ಹುಟ್ಟಿದರೋ ಯಾರು ನೆನಪಿಟ್ಟಿದ್ದಾರೆ? ನನ್ನದೂ ಜೂನ್ ಒಂದೇ, ಹಾಗಾಗಿ ನನಗೇನೂ ವಿಚಿತ್ರ ಅನ್ನಿಸಲಿಲ್ಲ. ಪಾಸ್‌ವರ್ಡ್ ಮರೆಯದ ಹಾಗೆ ಏನಾದರೂ ಹೇಳಿ ಅಂದರೆ ಎಲ್ಲರೂ ಬಸವಣ್ಣನ ಹೆಸರನ್ನೇ ಹೇಳಿದರು. ಗುಪ್ತ ಪ್ರಶ್ನೆಗೆ ಹುಟ್ಟಿದ ಊರು ಅಂತ ಹಾಕಿದೆ. ತಾಲ್ಲೂಕಿನ ಹೆಸರೇ ಎಲ್ಲರಿಗೂ.

ಕೊನೆಗೆ ಮಸೂತಿಯವಳ ಸರದಿ. ಅವಳದೂ ಜೂನ್ ಒಂದು. ಖಾತೆ ತೆರೆಯಿತು. ಫ್ಲಾಪಿ ಹಾಕಿದೆ, ಧಾರವಾಡದ ವಿಳಾಸ ಬರೆದೆ, ಚಿತ್ರ ಅಂಟಿಸುವ ಗುಂಡಿ ಒತ್ತಿದೆ.

ಪರದೆ ಬದಲಾಯಿತು. ಅನುಮಾನಾಸ್ಪದ ಚಟುವಟಿಕೆ, ಖಾತೆ ತಡೆಹಿಡಿಯಲಾಗಿದೆ. ಉಳಿದವರ ಖಾತೆ ತೆರೆದು ನೋಡಿದೆ. ಎಲ್ಲವೂ ಬಂದ್. ಒಂದೇ ಜಾಗದಿಂದ, ಒಂದೇ ಹುಟ್ಟಿದ ದಿನದ, ಒಂದೇ ಪಾಸ್‌ವರ್ಡಿನ ಇಷ್ಟೊಂದು ಹೆಂಗಸರು ಒಂದೇ ಸಂಜೆ ಹುಟ್ಟಿಕೊಂಡರೆ ಅಮೆರಿಕದಲ್ಲಿ ಕೂತ ಯಂತ್ರ ಏನಂದುಕೊಳ್ಳಬೇಕು? ಯಾರೋ ಒಬ್ಬ ಕಳ್ಳ ಸುಳ್ಳು ಖಾತೆ ಮಾಡುತ್ತಿದ್ದಾನೆ ಅಂದುಕೊಂಡಿತು. ಹೊಸದು ಮಾಡಲು ಹೋದೆ. ಈ ಸಂಪರ್ಕದಿಂದ ಹೊಸ ಖಾತೆ ತೆರೆಯಲಾಗದು ಅಂತ ಬಂತು.

ಅಯ್ಯೋ ದೇವರೇ ಅಂತ ತಲೆ ಮೇಲೆ ಕೈ ಹೊತ್ತು ಕೂತೆ. ಮರಳುವಾಗ ಟಂಟಂನಲ್ಲಿ ಜೂನ್ ಒಂದರ ಬಗ್ಗೆ ಎಲ್ಲರಿಗೂ ತಿಳಿಸಿದೆ. ಮಸೂತಿಯವಳು, "ಆ ಮಾಸ್ತರರು ಯಾಕ ಎಲ್ಲಾರಿಗೂ ಒಂದs ದಿನ ಬರದಿದ್ರೋ ಏನೋ," ಅಂದಳು, ಯಾರನ್ನೂ ಬೈಯದೆ. ಬಿಜಾಪುರಕ್ಕೆ ಹೋಗಿ ಮಾಡೋಣವೆಂದರೆ ಬಸ್ಸಿನ ಹೊತ್ತು ಮೀರಿತ್ತು, ಮರುದಿನ ಮುಂಜಾನೆಯೇ ನನಗೆ ಶಾಲೆ. ಉಳಿದದ್ದು ಶನಿವಾರದ ಮುಂಜಾನೆ ಒಂದೇ.

ಆ ರಾತ್ರಿ ನಾನು ಉಣ್ಣಲಿಲ್ಲ. ಬೇರೆ ಸಂಪರ್ಕ ಎಲ್ಲಿದೆ ಅಂತ ಯೋಚಿಸಿ ಯೋಚಿಸಿ ಕೊನೆಗೆ ನೆನಪಾದದ್ದು ಹೆಡ್ ಮಾಸ್ತರರ ಫೋನು. ಅವರ ಕೋಣೆಯಲ್ಲಿ ಮರದ ಪೆಟ್ಟಿಗೆಯೊಳಗೆ ಬೀಗ ಹಾಕಿ ಇಟ್ಟಿದ್ದ ಲ್ಯಾಂಡ್‌ಲೈನ್. ಕೀಲಿಕೈ ಅವರ ಉಡದಾರದಲ್ಲಿ. ಆಫೀಸಿನ ಹಳೆಯ ಕಂಪ್ಯೂಟರಿನಲ್ಲಿ ಮೋಡೆಮ್ ಇತ್ತು. ಫೋನ್ ನಂಬರನ್ನೇ ಹೆಸರಾಗಿ ಹಾಕಿ ಇಂಟರ್ನೆಟ್‌ಗೆ ಡಯಲ್ ಮಾಡುವ ಸೌಲಭ್ಯ ಆಗ ಬಂದಿತ್ತು. ಆ ತಂತಿಗೆ ಕಂಪನಿಯ ಬೇಲಿ ಇಲ್ಲ. ಅವರು ತರಗತಿಗೆ ಹೋದಾಗ ಜವಾನನಿಗೆ ಹೇಳಿ ಪೆಟ್ಟಿಗೆಯ ಹಿಂದಿನಿಂದ ವಯರು ಎಳೆದುಕೊಳ್ಳಬಹುದಿತ್ತು. ಅದನ್ನೂ ಯೋಚಿಸಿದೆ. ಆದರೆ ಹಿಂಬಾಗಿಲಿಗೆ ಹೋಗಿಯೇ ಲ್ಯಾಬು ಕಳೆದುಕೊಂಡಿದ್ದೆ. ಬಾಯಿ ಬಿಟ್ಟು ಕೇಳುವುದು, ಇಲ್ಲವೆಂದರೆ ಅಲ್ಲೇ ಬಿಡುವುದು ಅಂತ ನಿರ್ಧರಿಸಿದೆ.

ಶನಿವಾರ ಮುಂಜಾನೆಯ ಶಾಲೆ. ಮೈದಾನದಲ್ಲಿ ಮಕ್ಕಳ ಕವಾಯತು ನಡೆದಿತ್ತು. ಮಸೂತಿಯವಳನ್ನು ಜೊತೆಗೆ ಕರೆದುಕೊಂಡು ಹೆಡ್ ಮಾಸ್ತರರ ಕೋಣೆಗೆ ಹೋಗಿ, ಇದ್ದದ್ದನ್ನೆಲ್ಲ ಹೇಳಿದೆ.

"ಆಗೂದಿಲ್ಲ," ಅಂದರು, ನನ್ನ ಮಾತು ಮುಗಿಯುವ ಮೊದಲೇ. "ನಿಮಗ ಎಷ್ಟ ಸಲ ಹೇಳಬೇಕ್ರಿ? ಸುತ್ತೋಲೆ ಐತಿ ಅಂದ್ರ ಐತಿ."

"ಸುತ್ತೋಲ್ಯಾಗ ಲ್ಯಾಬಿನ ಮಾತು ಐತ್ರಿ ಸರ. ಫೋನಿಂದು ಇಲ್ಲ."

"ವಕೀಲ್ಕಿ ಮಾಡಬ್ಯಾಡ್ರಿ ನನ್ನ ಮುಂದ!"

ನಾನು ಬಾಯಿ ಮುಚ್ಚಿದೆ. ಅವರು ಮಸೂತಿಯವಳ ಕಡೆ ತಿರುಗಿ, ಸ್ವಲ್ಪ ದನಿ ಇಳಿಸಿ, "ಅಂಥಾದ್ದು ಏನ್ ಕಳಸಾಕಿದೀ ತಂಗಿ? ಕಾಗದ ಬರದ್ರ ಆಗೂದಿಲ್ಲೇನು?" ಅಂದರು.

ಅವಳು ಮುಂದೆ ಬಂದಳು. ಕೈ ಎತ್ತಿ ಸನ್ನೆ ಮಾಡಿದಳು. ಅಂಗೈ ಮುಂದೆ ದೂಡಿ, ಎದೆಗೆ ತಂದಳು. ಆಮೇಲೆ, "ಇಷ್ಟs ರೀ ಸರ. ಬರುವಾಗ ಹೇಳಿ ಬಂದಿಲ್ಲ ನಾನು," ಅಂದಳು.

"ಹೇಳದs ಬಂದ್ಯಾ?"

"ಹೂನ್ರಿ."

"ಕೂಸಿಗೆ ಹೇಳದs?" ಅಂತ ಮತ್ತೆ ಕೇಳಿದರು. ಅವಳು ತಲೆ ಆಡಿಸಿದಳು. ನಮ್ಮ ಕಡೆ ಮನೆಗೆ ಬಂದ ಭಿಕ್ಷುಕನೂ ಬರ್ತೇನವ್ವಾ ಅಂತ ಹೇಳಿಯೇ ಹೋಗುತ್ತಾನೆ. ಹೆಡ್ ಮಾಸ್ತರರು ಅಂಗಿಯ ಕೆಳಗೆ ಕೈ ಹಾಕಿ ಕೀಲಿಕೈ ತೆಗೆದರು.

"ಫೋನ್ ಮಾಡಬ್ಯಾಡ ಅಂತ ಯಾವ ಸುತ್ತೋಲ್ಯಾಗೂ ಇಲ್ಲ ಬಿಡ್ರಿ," ಅಂದರು, ನಾನು ಹೇಳಿದ್ದನ್ನೇ ತಮ್ಮ ಮಾತಾಗಿ.

ವಯರು ಮೋಡೆಮ್‌ಗೆ ಸಿಕ್ಕಿಸಿ ಡಯಲ್ ಮಾಡಿದೆ. ಕಿರ್ರೆಂದು ಕಿರುಚಿ ಸಂಪರ್ಕ ಬಂತು. ಹೊಸ ಖಾತೆ ತೆರೆಯುವ ಪುಟ ನಿಧಾನಕ್ಕೆ ಇಳಿಯಿತು. ಹುಟ್ಟಿದ ದಿನ ಬಂದಾಗ ಕೈ ಅಲ್ಲೇ ನಿಂತಿತು. "ಜೂನ್ ಒಂದು ಬ್ಯಾಡಕ್ಕಾ. ಖರೇ ಯಾವಾಗ ಹುಟ್ಟೀದಿ?"

"ಎಳ್ಳ ಅಮಾಸಿ ದಿನಾ ಅಂತ್ರಿ. ಹೊಲದಾಗ ಭೂಮಿತಾಯಿಗೆ ಚರಗ ಚೆಲ್ಲುವಾಗ ನಮ್ಮವ್ವಗ ಬ್ಯಾನಿ ಬಂತಂತ."

ಡಿಸೆಂಬರಿನ ಒಂದು ದಿನ ಹಾಕಿದೆ. ಖಾತೆ ತೆರೆಯಿತು. ಅವಳ ಕೈಯಿಂದಲೇ ವಾರ್ಡನ್‌ರ ವಿಳಾಸ ಹೊಡೆಸಿ ಫ್ಲಾಪಿ ಹಾಕಿದೆ. ಚಿತ್ರ ಏರತೊಡಗಿತು. ಅರ್ಧಕ್ಕೆ ಬಂದು ಸಂಪರ್ಕ ತುಂಡಾಯಿತು. ಮತ್ತೆ ಹಚ್ಚಿದೆ, ಮತ್ತೆ ತುಂಡಾಯಿತು. ರಿಸೀವರ್ ಎತ್ತಿ ಕೇಳಿದರೆ ಖರ್ ಖರ್ ಸದ್ದು.

"ಗಾಳಿ ಬಿಟ್ಟೈತ್ರಿ," ಅಂದರು ಹೆಡ್ ಮಾಸ್ತರರು. "ಆ ಬೇವಿನ ಟೊಂಗಿ ತಂತಿಗೆ ಬಡೀತೈತಿ. ನಂಗ ಫೋನ್ ಬಂದ್ರೂ ಹಿಂಗs." ಜವಾನನನ್ನು ಕೂಗಿದರು. ಅವನು ಬಿ.ಇ.ಓ. ಆಫೀಸಿಗೆ ಟಪಾಲು ಒಯ್ದಿದ್ದ. ಗಡಿಯಾರ ನೋಡಿದರೆ ಧಾರವಾಡದಲ್ಲಿ ಮಧ್ಯಾಹ್ನದ ಊಟದ ಹೊತ್ತು ಹತ್ತಿರ ಬರುತ್ತಿತ್ತು. ಹೆಡ್ ಮಾಸ್ತರರೇ ಧ್ವಜದ ಕಂಬದ ಹಳೆಯ ಹಗ್ಗ ತೆಗೆದುಕೊಂಡು ಹೊರಗೆ ಹೋದರು. ಕಿಟಕಿಯಿಂದ ನೋಡಿದೆ. ಹಗ್ಗವನ್ನು ಟೊಂಗೆಗೆ ಎಸೆದು, ಎರಡೂ ತುದಿ ಹಿಡಿದು, ಹಿಂದಕ್ಕೆ ಜಗ್ಗಿ ನಿಂತಿದ್ದರು. ಮೈದಾನದ ಮಕ್ಕಳು ಬಾಯಿ ತೆರೆದು ನೋಡುತ್ತಿದ್ದರು.

"ಹಚ್ರಿ ಈಗ!" ಅಂತ ಕೂಗಿದರು. ಹಚ್ಚಿದೆ. ಅರ್ಧ ದಾಟಿತು. ಮಸೂತಿಯವಳು ನನ್ನ ಭುಜ ಹಿಡಿದವಳು ಬಿಡಲೇ ಇಲ್ಲ. ಕೊನೆಗೂ, ನಿಮ್ಮ ಪತ್ರ ಕಳುಹಿಸಲಾಗಿದೆ ಅಂತ ಬಂತು.

ಶನಿವಾರ ಸಂಜೆ ಉತ್ತರವಿಲ್ಲ. ಕಿರಾಣಿ ಅಂಗಡಿಗೆ ಫೋನೂ ಬರಲಿಲ್ಲ. ಇವಳೇ ಫೋನ್ ಮಾಡಿದರೆ ಅಲ್ಲಿ ಯಾರೂ ಎತ್ತಲಿಲ್ಲ. ಭಾನುವಾರ ಹೇಗೆ ಕಳೆಯಿತೋ ದೇವರೇ ಬಲ್ಲ. ಚಿತ್ರ ತೆರೆದಿಲ್ಲ, ಅಥವಾ ತೆರೆದರೂ ಹುಡುಗಿ ಮುಖ ತಿರುಗಿಸಿದಳು ಅಂತಲೇ ನನಗೆ ಅನ್ನಿಸುತ್ತಿತ್ತು. ಎರಡು ಮಸುಕು ಕೈ ನೋಡಿ ಯಾವ ಕೂಸಿನ ಮುನಿಸು ಇಳಿದೀತು?

ಸೋಮವಾರ ಮುಂಜಾನೆ ಮಸೂತಿಯವಳು ಶಾಲೆಗೆ ಬಂದಾಗ ಕೈಯಲ್ಲಿ ಚೀಲವಿತ್ತು. ಬುತ್ತಿ, ಒಂದು ಸೀರೆ, ಮಗಳಿಗೆ ಹೊಲಿದ ಒಂದು ಲಂಗ. ಉತ್ತರ ಇರಲಿ ಬಿಡಲಿ, ಧಾರವಾಡದ ಬಸ್ಸು ಹತ್ತಲು ತಯಾರಾಗಿ ಬಂದಿದ್ದಳು. "ಒಮ್ಮೆ ನೋಡೇಬಿಡ್ರಿ ಅಕ್ಕೋರ," ಅಂದಳು. ಅವಳ ಕಣ್ಣು ಬಾತಿದ್ದವು.

ಹೆಡ್ ಮಾಸ್ತರರು ಕೇಳುವ ಮೊದಲೇ ಪೆಟ್ಟಿಗೆಯ ಬೀಗ ತೆಗೆದರು. ಡಯಲ್ ಮಾಡಿದೆ. ಒಂದು ಪತ್ರ ಬಂದಿತ್ತು, ವಾರ್ಡನ್‌ರದು. ಇಂಗ್ಲಿಷಿನಲ್ಲಿ ಎರಡೇ ಸಾಲು. ಓದಿ ಹೇಳಿದೆ: "ಶನಿವಾರ ರಾತ್ರಿ ಉಂಡಳಂತ. ನಿನ್ನೆನೂ ಉಂಡಳಂತ. ಆಕಿನೇ ಒಂದು ಚಿತ್ರಾ ಮಾಡ್ಯಾಳ, ಇದರ ಜೋಡಿ ಹಚ್ಚೇನಿ ಅಂತ ಬರದಾರ."

ಅವಳು ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡಳು. ಚಿತ್ರದ ಮೇಲೆ ಒತ್ತಿದೆ. ಅದು ಮೇಲಿನಿಂದ ಒಂದೊಂದೇ ಗೀಟಾಗಿ ಇಳಿಯತೊಡಗಿತು. ಮೊದಲು ಬರೀ ಬಿಳಿ. ಆಮೇಲೆ ಒಂದು ಗೇಟಿನ ತುದಿ. ಗಾಳಿ ಜೋರಾಯಿತು. ಹೆಡ್ ಮಾಸ್ತರರು ಹಗ್ಗ ಹಿಡಿದು ಹೊರಗೆ ಓಡಿದರು. ಗೇಟು ಪೂರ್ತಿ ಇಳಿಯಿತು. ಅದರ ಆಚೆ ಒಂದು ಬಸ್ಸು, ಬಸ್ಸಿನ ಕಿಟಕಿಯಲ್ಲಿ ಹಸಿರು ಬಳೆಯ ಒಂದು ಕೈ. ಗೇಟಿನ ಈಚೆ ಎರಡು ಜಡೆಯ ಹುಡುಗಿ ನಿಂತಿದ್ದಾಳೆ. ಒಂದು ಕೈ ಬಸ್ಸಿನ ಕಡೆ ದೂಡಿದ್ದಾಳೆ, ಇನ್ನೊಂದು ಎದೆಯ ಮೇಲೆ ಇಟ್ಟುಕೊಂಡಿದ್ದಾಳೆ. ಕೊನೆಗೆ ಅಕ್ಷರಗಳು ಇಳಿದವು, ಸೊಟ್ಟ ಸೊಟ್ಟ: ಹೋಗಿ ಬಾ ಅವ್ವಾ.

ಹೊರಗಿನಿಂದ ಹೆಡ್ ಮಾಸ್ತರರು ಕೂಗಿದರು, "ಬಂತೇನ್ರಿ? ಹಗ್ಗ ಬಿಡ್ಲೇನು?"

ಮಸೂತಿಯವಳು ಕಿಟಕಿಗೆ ಹೋಗಿ ಸರಳು ಹಿಡಿದು ನಿಂತಳು. "ಬಿಡ್ರಿ ಸರ, ಬಿಡ್ರಿ," ಅಂದಳು. "ಕೂಸು ಕಳಿಸಿಕೊಟ್ಲ್ರಿ ನನ್ನ. ಈಗ ಕಳಿಸಿಕೊಟ್ಲು."